ಅಪ್ಪನ ಚಪ್ಪಾಳೆ

ನಾನು ಚಿಕ್ಕವಳಿದ್ದಾಗ, ಚಪ್ಪಾಳೆ ತಟ್ಟಿದರೆ ಕಾಗೆ ಬಂದೇ ಬರುತ್ತದೆ ಎಂದು ನಂಬಿದ್ದೆ. ಮಕ್ಕಳೇ, ನಿನ್ನೆ ಸಂಜೆ ನಿಮ್ಮ ಕೈಯಿಂದ ಚಪಾತಿ ಕಿತ್ತುಕೊಂಡು ರೇಗಿದೆನಲ್ಲ, ಅದಕ್ಕೂ ಈ ಮಾತಿಗೂ ಸಂಬಂಧವಿದೆ. ಬೇಲಿಯ ಆಚೆ ನಿಂತಿದ್ದ ಆ ನರಿಯಂಥ ಕಯೋಟಿಯನ್ನು ನೀವಿಬ್ಬರೂ ಚಪ್ಪಾಳೆ ತಟ್ಟಿ ಕರೆಯುತ್ತಿದ್ದಿರಿ. ನಾನು ಕೂಗಾಡಿದ್ದಕ್ಕೆ ಮುಖ ಊದಿಸಿಕೊಂಡು ಊಟ ಬಿಟ್ಟು ಮಲಗಿದಿರಿ. ತಪ್ಪಾಯಿತು ಎಂದು ನಾನು ಹೇಳುವುದಿಲ್ಲ, ಅಷ್ಟೊಂದು ಒಳ್ಳೆಯ ಅಜ್ಜಿ ನಾನಲ್ಲ. ಆದರೆ ಏಕೆ ರೇಗಿದೆ ಎಂದಾದರೂ ಹೇಳಬೇಕು.

ಆಗ ನನಗೆ ಒಂಬತ್ತು ವರ್ಷ. ಹೊಸ ಶತಮಾನ ಶುರುವಾಗಿ ಐದಾರು ವರ್ಷವಾಗಿತ್ತು. ನಾವು ಅಮೆರಿಕಕ್ಕೆ ಬಂದಿದ್ದೆವು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೆಲ್ಲ ಪೇಟೆಗೆ ಹತ್ತಿರದ ಈಸ್ಟ್‌ಗೇಟ್‌ನಲ್ಲಿ ಒತ್ತೊತ್ತಾಗಿ ಮನೆ ಮಾಡಿಕೊಂಡಿದ್ದರೆ, ಅಪ್ಪ ಮಾತ್ರ ನಮ್ಮನ್ನು ಹಳ್ಳಿಯಂಥ ಡುವಾಲ್‌ಗೆ ಕರೆದುಕೊಂಡು ಬಂದಿದ್ದರು. ಮನೆಯ ಹಿಂದೆ ತಂತಿಬೇಲಿ, ಬೇಲಿಯಾಚೆ ಕುರಿಗಳು ಮೇಯುವ ಹುಲ್ಲುಗಾವಲು, ಅದರಾಚೆ ಮುಳ್ಳುಪೊದೆ, ಆಮೇಲೆ ಸೀಡರ್ ಮರಗಳ ಕತ್ತಲೆ. ಚಳಿಗಾಲದಲ್ಲಿ ಹಿತ್ತಲ ಬಾಗಿಲು ತೆರೆದರೆ ಒದ್ದೆ ಹುಲ್ಲು, ಕುರಿಹಿಕ್ಕೆ, ಸೌದೆಯ ಹೊಗೆ ಎಲ್ಲ ಸೇರಿದ ವಾಸನೆ ಬರುತ್ತಿತ್ತು. ಅಕ್ಕ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಆ ವಾಸನೆ ಇಷ್ಟ.

ಕುರಿಗಳು ಪಕ್ಕದ ಮನೆಯ ಮುದುಕರದ್ದು. ನಾವು ಅವರಿಗೆ ಇಟ್ಟ ಹೆಸರು ಕುರಿ ತಾತ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು, ಮಾತು ಕಡಿಮೆ. ವಾರಕ್ಕೊಮ್ಮೆ ನಮಗೆ ಒಂದು ಬುಟ್ಟಿ ಕೋಳಿಮೊಟ್ಟೆ ತಂದುಕೊಡುತ್ತಿದ್ದರು. ನಾವು ಮೊಟ್ಟೆ ತಿನ್ನುವವರಲ್ಲ. ಹಾಗೆಂದು ಹೇಳಲು ಅಪ್ಪನಿಗೆ ಸಂಕೋಚ. ನಗುನಗುತ್ತಾ ಮೊಟ್ಟೆ ತೆಗೆದುಕೊಂಡು, ಬದಲಿಗೆ ಮಾವಿನಕಾಯಿ ಉಪ್ಪಿನಕಾಯಿ ಕೊಟ್ಟು, ಮರುದಿನ ಆ ಮೊಟ್ಟೆಗಳನ್ನು ಆಫೀಸಿನ ತೆಲುಗು ಗೆಳೆಯರಿಗೆ ಹಂಚಿಬಿಡುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಹೇಳಬೇಕಾದ್ದನ್ನು ಹೇಳದೆ ನುಂಗಿಕೊಳ್ಳುವುದು ಅಪ್ಪನ ಹುಟ್ಟುಗುಣ, ಮತ್ತು ಈ ಕಥೆಯಲ್ಲಿ ಅದೇ ನಮಗೆ ಮುಳುವಾಯಿತು.

ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಚನ್ನರಾಯಪಟ್ಟಣದಲ್ಲಿ ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ತೀರಿಕೊಂಡರು. ಒಂದು ತಿಂಗಳಿಂದ ಫೋನಿನಲ್ಲಿ "ಒಂದ್ಸಲ ಬಂದು ಮುಖ ತೋರಿಸಿ ಹೋಗೋ" ಎನ್ನುತ್ತಿದ್ದರು. ಅಪ್ಪನ ವೀಸಾ ಕಾಗದಪತ್ರಗಳು ಎಲ್ಲೋ ಸಿಕ್ಕಿಕೊಂಡಿದ್ದವು. ದೇಶ ಬಿಟ್ಟು ಹೋದರೆ ತಿರುಗಿ ಬರಲು ಬಿಡುತ್ತಾರೋ ಇಲ್ಲವೋ ಎಂಬ ಭಯ. "ಮುಂದಿನ ತಿಂಗಳು ಬರ್ತೀನಮ್ಮ" ಎನ್ನುತ್ತಲೇ ಇದ್ದರು. ಕೊನೆಗೆ ಹೋಗಲಾಗಲಿಲ್ಲ. ಕ್ರಿಯೆಗಳನ್ನೆಲ್ಲ ಅಲ್ಲಿ ದೊಡ್ಡಪ್ಪ ಮಾಡಿದರು. ಅಪ್ಪ ಅಳಲಿಲ್ಲ. ಆಫೀಸಿಗೆ ಹೋಗಿ ಬಂದರು, ಬಿದ್ದ ಎಲೆಗಳನ್ನು ಗುಡಿಸಿದರು, ನನಗೆ ಭಾಗಾಕಾರ ಹೇಳಿಕೊಟ್ಟರು. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದರು. ನನಗೆ ಅಪ್ಪನನ್ನು ನೋಡಿದರೆ ಹೆದರಿಕೆಯಾಗುತ್ತಿತ್ತು.

ಹದಿಮೂರನೆಯ ದಿನ ಅಮ್ಮ ಅನ್ನ, ತೊವ್ವೆ, ವಡೆ, ಪಾಯಸ ಮಾಡಿದಳು. ಅಪ್ಪ ರಜೆ ಹಾಕಿ, ಸ್ನಾನ ಮಾಡಿ, ಪಂಚೆ ಉಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು, ಸ್ಟೀಲ್ ತಟ್ಟೆಯಲ್ಲಿ ಎಲ್ಲವನ್ನೂ ಬಡಿಸಿ ಬೇಲಿಯ ಹತ್ತಿರ ಇಟ್ಟರು. ಸತ್ತವರು ಕಾಗೆಯಾಗಿ ಬಂದು ಉಣ್ಣುತ್ತಾರೆ ಎಂಬ ನಂಬಿಕೆ ನಮ್ಮಲ್ಲಿದೆ. ಕಾಗೆ ಮುಟ್ಟಿದರೆ ಅವರಿಗೆ ತೃಪ್ತಿಯಾಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಕೊರಗು ಉಳಿದಿದೆ ಎಂದು. ಅದು ಮುಟ್ಟುವ ತನಕ ಮನೆಯವರು ಊಟ ಮಾಡುವಂತಿಲ್ಲ.

ಅಪ್ಪ ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿ "ಕಾ, ಕಾ" ಎಂದು ಕರೆದರು. ಊರಿನಲ್ಲಿ ಹಾಗೆಯೇ ಕರೆಯುವುದು. ಆದರೆ ಡುವಾಲ್‌ನ ಕಾಗೆಗಳಿಗೆ ಅದು ಗೊತ್ತಿರಬೇಕಲ್ಲ. ಮರದ ತುದಿಯಲ್ಲಿ ನಾಲ್ಕು ಕೂತಿದ್ದವು, ಚಪ್ಪಾಳೆಯ ಸದ್ದಿಗೆ ಎದ್ದು ಇನ್ನೂ ದೂರದ ಮರಕ್ಕೆ ಹೋದವು. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಯಿತು. ಅಕ್ಕ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಚಿಪ್ಸ್ ತಿಂದಳು, ನನಗೂ ನಾಲ್ಕು ಕೊಟ್ಟಳು. ಅಪ್ಪ ಮಾತ್ರ ಚಳಿಯಲ್ಲಿ ನಡುಗುತ್ತಾ ಅಲ್ಲೇ ನಿಂತಿದ್ದರು. ಆಗಾಗ ಚಪ್ಪಾಳೆ ಕೇಳಿಸುತ್ತಿತ್ತು.

ಆಗ ಮುಳ್ಳುಪೊದೆಯಿಂದ ಅದು ಬಂತು. ಕಯೋಟಿ ನಮ್ಮ ಕಡೆಯ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಇದು ಬಡಕಲಾಗಿತ್ತು, ಎಡ ಮುಂಗಾಲನ್ನು ಪೂರ್ತಿ ಊರಲಾಗದೆ ಕುಂಟುತ್ತಿತ್ತು. ನಿಂತು, ಮೂಸಿ, ಬೇಲಿಯ ಕೆಳಗೆ ತೂರಿ ಬಂದು ಮೊದಲು ವಡೆ ತಿಂದಿತು. ಅಜ್ಜಿಗೆ ವಡೆಯೆಂದರೆ ಪ್ರಾಣ, ಅಜ್ಜಿಗೆ ಎಡ ಮಂಡಿಯ ನೋವು. ನಾನು ಕಿಟಕಿಯ ಬಳಿಯಿಂದ ಓಡಿ ಬಂದು ಬಾಗಿಲಲ್ಲಿ ನಿಂತೆ. ಅಪ್ಪ ಕೈಮುಗಿದುಕೊಂಡು ನಿಂತಿದ್ದರು.

"ಬಂದ್ರು ಕಣೆ" ಎಂದರು ಅಮ್ಮನಿಗೆ, ಮೆಲ್ಲಗೆ.

"ರೀ, ಅದು ಕಯೋಟಿ ಕಣ್ರೀ."

"ಇರ್ಲಿ. ಹಸ್ಕೊಂಡು ಬಂದಿದಾರೆ."

ಅಮ್ಮ ಒಳಗೆ ಹೋಗಿ ಊಟಕ್ಕೆ ಬಡಿಸಿದಳು. ಅಂದು ಅಪ್ಪ ಮೂರು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದರು.

ಆಮೇಲೆ ಅದು ಪ್ರತಿ ಶನಿವಾರದ ಪದ್ಧತಿಯಾಯಿತು. ಶಾಸ್ತ್ರ ಹೀಗೆ ಹೇಳುವುದಿಲ್ಲ ಎಂದು ಅಮ್ಮ ಗೊಣಗಿದರೆ, "ಅಮೆರಿಕದಲ್ಲಿ ತಿಥಿನೂ ವೀಕೆಂಡಿಗೇ ಬರ್ಬೇಕು" ಎಂದು ಅಪ್ಪ ನಗುತ್ತಿದ್ದರು. ಅವರು ನಗುವುದನ್ನು ನೋಡಲು ನಾವೂ ಒಪ್ಪಿಕೊಂಡೆವು. ಬೆಳಿಗ್ಗೆ ಸ್ನಾನವಾದ ಮೇಲೆ ಅಪ್ಪ ಬೇಲಿಯ ಹತ್ತಿರ ನಿಂತು ಎರಡು ಚಪ್ಪಾಳೆ ತಟ್ಟುವುದು, ನಾನು ತಟ್ಟೆ ಒಯ್ದು ಇಡುವುದು. ಮೊದಮೊದಲು ನಾವು ಒಳಗೆ ಹೋದ ಮೇಲೆ ಬರುತ್ತಿದ್ದ ಕಯೋಟಿ, ಸಂಕ್ರಾಂತಿಯ ಹೊತ್ತಿಗೆ ನಾವು ನಿಂತಿದ್ದಾಗಲೇ ಬರತೊಡಗಿತು. ಕಾಗೆಗೆಂದು ತಟ್ಟಿದ ಚಪ್ಪಾಳೆ ಅದಕ್ಕೆ ಊಟದ ಗಂಟೆಯಾಯಿತು. ಅದು ಬಂದು ಹೋದ ದಿನ ಅಪ್ಪ "ಇವತ್ತು ನರಿ ಮುಖ ನೋಡಿದೀನಿ, ಎಲ್ಲಾ ಒಳ್ಳೇದೇ" ಎನ್ನುತ್ತಿದ್ದರು. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಎನ್ನುವುದು ನಮ್ಮವರ ಮಾತು.

ಮಾರ್ಚಿನಲ್ಲಿ ಕುರಿ ತಾತನ ಕುರಿಗಳು ಮರಿ ಹಾಕಿದವು. ಒಂದು ಶುಕ್ರವಾರ ಸಂಜೆ ತಾತ ಬಂದು ಬಾಗಿಲು ತಟ್ಟಿದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ. "ಈ ವಾರ ಎರಡು ಮರಿ ಹೋದವು. ನಾಳೆ ಬೆಳಿಗ್ಗೆ ಪೀಪಿ ಊದಿ ಕಯೋಟಿಗಳನ್ನು ಕರೆಯುತ್ತೇನೆ. ಬಂದೂಕಿನ ಸದ್ದಿಗೆ ಮಕ್ಕಳು ಹೆದರಬಾರದು, ಅದಕ್ಕೇ ಹೇಳಿ ಹೋಗೋಣವೆಂದು ಬಂದೆ."

ಅಪ್ಪನ ಮುಖ ಸಣ್ಣದಾಯಿತು. "ನಾನೂ ಬರಲೇ, ನೋಡಬೇಕು" ಎಂದರು. ತಾತನಿಗೆ ಆಶ್ಚರ್ಯವಾಯಿತು, ಆಗಲಿ ಎಂದರು.

ಅವರು ಹೋದ ಮೇಲೆ ಅಮ್ಮ ಹೇಳಿದಳು, "ಹೇಳ್ಬಿಡಿ ಅವರಿಗೆ. ಒಳ್ಳೆ ಮನುಷ್ಯ, ಅರ್ಥ ಮಾಡ್ಕೋತಾರೆ."

"ಏನಂತ ಹೇಳ್ಲಿ? ನಿಮ್ಮ ಕುರಿ ತಿನ್ನೋ ಪ್ರಾಣಿಗೆ ನಾನು ಪ್ರತಿ ಶನಿವಾರ ವಡೆ ಹಾಕ್ತಿದೀನಿ, ಅದು ನಮ್ಮಮ್ಮ ಅಂತ ಹೇಳ್ಲಾ? ಬಿದ್ದು ಬಿದ್ದು ನಗ್ತಾರೆ."

"ನಗ್ಲಿ ಬಿಡಿ."

ಅಪ್ಪ ಹೇಳಲಿಲ್ಲ. ಬದಲಿಗೆ ನನ್ನನ್ನು ಕರೆದು ಒಂದು ಉಪಾಯ ಹೇಳಿಕೊಟ್ಟರು. ನಾನೂ ಜೊತೆಗೆ ಹೋಗಬೇಕು. ಬೇರೆ ಕಯೋಟಿ ಬಂದರೆ ಸುಮ್ಮನಿರಬೇಕು. ನಮ್ಮ ಕುಂಟಿ ಬಂದರೆ ಜೋರಾಗಿ ಕೆಮ್ಮಬೇಕು. ಮಕ್ಕಳು ಕೆಮ್ಮಿದರೆ ಯಾರೂ ಏನೂ ಅನ್ನುವುದಿಲ್ಲ, ಅದು ಬೆದರಿ ಓಡಿಹೋಗುತ್ತದೆ. ಅಂದು ನಾನು ಹಾಸಿಗೆಯಲ್ಲಿ ಮಲಗಿ ಕೆಮ್ಮುವುದನ್ನು ಅಭ್ಯಾಸ ಮಾಡಿದೆ. ಅಕ್ಕ ಬೈದು ದಿಂಬು ಎಸೆದಳು.

ಬೆಳಕು ಹರಿಯುವ ಹೊತ್ತಿಗೆ ಹುಲ್ಲುಗಾವಲಿನ ಅಂಚಿನಲ್ಲಿ ಬಿದ್ದಿದ್ದ ಒಂದು ದೊಡ್ಡ ಮರದ ಹಿಂದೆ ಕೂತೆವು. ಎಡಕ್ಕೆ ತಾತ, ಮೊಣಕಾಲ ಮೇಲೆ ಬಂದೂಕು. ಬಲಕ್ಕೆ ಅಪ್ಪ, ನಡುವೆ ನಾನು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಕೂತ ಜಾಗ ಕರಗಿ ನನ್ನ ಪ್ಯಾಂಟು ಒದ್ದೆಯಾಯಿತು. ಅಜ್ಜಿ ಹೆಣೆದುಕೊಟ್ಟ ಕಂದು ಬಣ್ಣದ ಮಂಕಿ ಟೋಪಿಯನ್ನು ಅಪ್ಪ ಕಿವಿಯ ಮೇಲಕ್ಕೆ ಮಡಚಿ ಹಾಕಿಕೊಂಡಿದ್ದರು. ತಾತ ಜೇಬಿನಿಂದ ಮರದ ಪುಟ್ಟ ಪೀಪಿ ತೆಗೆದು ಊದಿದರು.

ಆ ಸದ್ದನ್ನು ನಾನು ಮರೆತಿಲ್ಲ. ಗಾಯಗೊಂಡ ಮೊಲದ ಕೂಗಂತೆ ಅದು. ನನಗೆ ಮಗುವೊಂದು ಒಂಟಿಯಾಗಿ ಅಳುತ್ತಿದ್ದ ಹಾಗೆ ಕೇಳಿಸಿತು. ಊದಿ, ನಿಲ್ಲಿಸಿ, ಕಾದು, ಮತ್ತೆ ಊದುತ್ತಿದ್ದರು. ಯಾವುದಾದರೂ ಪ್ರಾಣಿ ಸಂಕಟದಲ್ಲಿ ಕೂಗಿದರೆ ಸುಲಭದ ಊಟ ಎಂದು ಕಯೋಟಿ ಬರುತ್ತದೆಯಂತೆ.

ಮೊದಲು ಬಂದದ್ದು ಕಯೋಟಿಯಲ್ಲ. ಹಿಂದಿನಿಂದ ರೆಕ್ಕೆಯ ಸದ್ದೇ ಇಲ್ಲದೆ ಒಂದು ಗೂಬೆ ಬಂದು ಅಪ್ಪನ ಮಂಕಿ ಟೋಪಿಯನ್ನೇ ಮೊಲವೆಂದು ತಿಳಿದು ಎರಗಿತು. ಅಪ್ಪ "ಅಯ್ಯಯ್ಯೋ" ಎಂದು ಬಗ್ಗುವಷ್ಟರಲ್ಲಿ ಟೋಪಿ ಗೂಬೆಯ ಕಾಲಲ್ಲಿತ್ತು. ಹತ್ತು ಮಾರು ಹೋಗಿ, ಮೋಸಹೋದದ್ದು ತಿಳಿದು, ಟೋಪಿಯನ್ನು ಹುಲ್ಲಿನಲ್ಲಿ ಬಿಸಾಕಿ ಹೋಯಿತು. ಇನ್ನೊಬ್ಬರ ಮೇಲೆ ಗೂಬೆ ಕೂರಿಸುವುದು ಎನ್ನುವ ಮಾತನ್ನು ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ. ನನಗೆ ನಗು ತಡೆಯಲಾಗಲಿಲ್ಲ. ತಾತನ ಭುಜವೂ ಕುಲುಕುತ್ತಿತ್ತು. ಅಪ್ಪನೂ ತಲೆ ಸವರಿಕೊಂಡು ನಕ್ಕರು. ಅಂದು ನಾವು ಮೂವರೂ ಸೇರಿ ನಕ್ಕದ್ದು ಅದೊಂದೇ ಸಲ.

ಎರಡನೆಯದಾಗಿ ಬಂದದ್ದು ಒಂದು ಹೆಣ್ಣು ಜಿಂಕೆ. ಮಂಜಿನೊಳಗಿಂದ ಓಡುತ್ತಲೇ ಬಂತು. ಹೊಟ್ಟೆ ದಪ್ಪಗಿತ್ತು, ಮರಿ ಹಾಕುವ ದಿನ ಇನ್ನೂ ಬಂದಿರಲಿಲ್ಲ. ಆದರೂ ಯಾರ ಮರಿ ಅಳುತ್ತಿದೆ ಎಂದು ಕಿವಿ ಆ ಕಡೆ ಈ ಕಡೆ ತಿರುಗಿಸುತ್ತಾ, ಕಾಲು ನೆಲಕ್ಕೆ ಬಡಿಯುತ್ತಾ, ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಅದರ ಮೂಗಿನಿಂದ ಹೊಗೆಯಾಡುತ್ತಿತ್ತು. ತಾತ ಪೀಪಿ ಕೆಳಗಿಟ್ಟು, ಅದು ಹೋಗುವವರೆಗೂ ಊದಲಿಲ್ಲ.

"ಕರೆದ್ರೆ ಬಂದ್ಬಿಡ್ತು ನೋಡು" ಎಂದರು ಅಪ್ಪ ನನ್ನ ಕಿವಿಯಲ್ಲಿ. ಜಿಂಕೆಗೆ ಕಾಗದಪತ್ರ ಬೇಕಿಲ್ಲವಲ್ಲ ಎಂದು ನಾನು ಈಗ ಅಂದುಕೊಳ್ಳುತ್ತೇನೆ. ಆಗ ನನಗೆ ಅರ್ಥವಾಗಿರಲಿಲ್ಲ.

ಬಿಸಿಲು ಮರಗಳ ಮೇಲೆ ಬಂತು. ಕಯೋಟಿಯ ಸುಳಿವಿಲ್ಲ. ಅಪ್ಪ ನನ್ನ ಕೈ ಒತ್ತಿ "ಇನ್ನು ಬರಲ್ಲ, ಮನೆಗೆ ಹೋಗಿ ದೋಸೆ ತಿನ್ನೋಣ" ಎಂದರು. ತಾತ ಕೊನೆಯ ಸಲ ಎಂದು ಪೀಪಿ ಊದಿದರು.

ಮುಳ್ಳುಪೊದೆ ಅಲುಗಿತು. ಬಂದದ್ದು ನಮ್ಮ ಕುಂಟಿಯೇ. ದೂರದಲ್ಲಿ, ಪೊದೆಯ ಅಂಚಿನಲ್ಲೇ ನಿಂತಿತು, ಮುಂಗಾಲು ಎತ್ತಿಕೊಂಡು. ಹಿಂದೆ ಎರಡೇ ಹೆಜ್ಜೆ ಇಟ್ಟರೆ ಮತ್ತೆ ಪೊದೆಯೊಳಗೆ. ತಾತ ಬಂದೂಕನ್ನು ನಿಧಾನವಾಗಿ ಎತ್ತಿದರು. ನಾನು ಕೆಮ್ಮಿದೆ. ಅಭ್ಯಾಸ ಮಾಡಿದ್ದಷ್ಟೂ ಜೋರಾಗಿ ಕೆಮ್ಮಿದೆ. ಅದು ಬೆದರಲಿಲ್ಲ. ನನ್ನ ಕಡೆ ನೋಡಿ ಕಿವಿ ನಿಗುರಿಸಿತು.

ಆಗ ಅಪ್ಪ ಎದ್ದು ನಿಂತರು. ಪ್ರಾಣಿಯನ್ನು ಓಡಿಸಬೇಕಾದರೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. "ಹೋಗು, ಹೋಗು" ಎಂದು ಕೂಗಿ ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿದರು.

ಅಂದು ಶನಿವಾರ.

ಅದು ಓಡಿಬಂತು. ಕುಂಟುತ್ತಾ, ಬಾಲ ಅಲ್ಲಾಡಿಸುತ್ತಾ, ಬಯಲಿಗೆ ಬಿದ್ದು, ನೇರ ನಮ್ಮ ಕಡೆಗೆ. ಪ್ರತಿ ವಾರ ತಟ್ಟೆ ತರುವವಳು ನಾನಲ್ಲವೇ, ಅದು ನನ್ನ ಕಡೆಗೇ ಬರುತ್ತಿತ್ತು. ಅಪ್ಪನಿಗೆ ತಾವು ಮಾಡಿದ್ದೇನೆಂದು ಆಗ ಹೊಳೆಯಿತು. "ಬೇಡ, ಬೇಡ" ಎಂದು ಕೈ ಬೀಸಿದರು. ಕೈ ಬೀಸಿದ್ದೂ ಅದಕ್ಕೆ ಕರೆದ ಹಾಗೇ ಕಂಡಿರಬೇಕು. ಇಪ್ಪತ್ತು ಹೆಜ್ಜೆ ದೂರವಿದ್ದಾಗ, ಮಗುವಿನ ಮೇಲೆ ಎರಗಲು ಬರುತ್ತಿದೆ ಎಂದು ತಿಳಿದು, ತಾತ ಗುಂಡು ಹಾರಿಸಿದರು.

ಕಿವಿ ಗುಂಯ್ ಎಂದಿತು. ಪಟಾಕಿಯ ವಾಸನೆ ಬಂತು. ಕುರಿಗಳೆಲ್ಲ ಒಂದು ಮೂಲೆಗೆ ಓಡಿ ಒತ್ತಿಕೊಂಡು ನಿಂತವು. ತಾತ ಮೊದಲು ನನ್ನ ಭುಜ ಹಿಡಿದು ಏನೂ ಆಗಿಲ್ಲವೇ ಎಂದು ನೋಡಿದರು. "ಮನುಷ್ಯರಿಗೆ ಹೆದರದ ಕಯೋಟಿ ಇದು" ಎಂದರು. "ಯಾರೋ ಊಟ ಹಾಕಿ ರೂಢಿ ಮಾಡಿಸಿದ್ದಾರೆ. ಅಂಥವರೇ ಇವನ್ನು ಕೊಲ್ಲುವುದು, ಗುಂಡು ಹಾರಿಸುವವರಲ್ಲ."

ಅಪ್ಪ ಆಗಲೇ ಅದರ ಹತ್ತಿರ ಹೋಗಿ ಹುಲ್ಲಿನ ಮೇಲೆ ಕೂತಿದ್ದರು. ಅದರ ತಲೆಯ ಮೇಲೆ ಕೈಯಿಟ್ಟು "ಅಮ್ಮಾ" ಎಂದರು. ಆಮೇಲೆ ಅತ್ತರು. ಐದು ತಿಂಗಳು ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತರು. "ಕರ್ದಾಗ ನಾನು ಬರ್ಲಿಲ್ಲ. ನಾನು ಕರೆದ್ರೆ ನೀನ್ಯಾಕಮ್ಮ ಬಂದೆ" ಎಂದು ಮತ್ತೆ ಮತ್ತೆ ಕೇಳಿದರು. ದೊಡ್ಡವರು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅಪ್ಪನ ಬೆನ್ನಿಗೆ ಅಂಟಿಕೊಂಡು ನಾನೂ ಅತ್ತೆ.

ತಾತನಿಗೆ ಮಾತು ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು. ಟೊಪ್ಪಿಗೆ ತೆಗೆದು ನಿಂತರು. ಅಪ್ಪ ಕಣ್ಣೊರೆಸಿಕೊಂಡು "ಊಟ ಹಾಕಿದವನು ನಾನೇ" ಎಂದು ಎಲ್ಲವನ್ನೂ ಹೇಳಿದರು. ಅಜ್ಜಿಯ ಫೋನು, ಬಾರದ ಕಾಗೆ, ವಡೆ, ಶನಿವಾರದ ಚಪ್ಪಾಳೆ, ಹೇಳಿದರೆ ನಗುತ್ತಾರೇನೋ ಎಂಬ ಸಂಕೋಚ. ತಾತ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದೇ ಅಪ್ಪನ ಪಕ್ಕ ಹುಲ್ಲಿನ ಮೇಲೆ ಕೂತರು.

"ಹೆಂಡತಿ ಹೋದ ಮೇಲೆ ನನ್ನ ಅಡುಗೆಮನೆ ಕಿಟಕಿಗೆ ಒಂದು ಪುಟ್ಟ ಹಕ್ಕಿ ಬರುತ್ತಿತ್ತು" ಎಂದರು. "ಒಂದು ವರ್ಷ ನಾನು ಅದರ ಜೊತೆ ಮಾತಾಡಿದ್ದೇನೆ. ನಾನು ನಗುತ್ತಿದ್ದೆನೇ? ನೀವು ಒಂದು ಮಾತು ಹೇಳಿದ್ದರೆ ಇವತ್ತು ಪೀಪಿ ಊದುತ್ತಲೇ ಇರಲಿಲ್ಲ."

ಅಪ್ಪ ತಲೆ ತಗ್ಗಿಸಿದರು. ಗುಂಡಿಗಿಂತ ಆ ಮಾತೇ ಅವರಿಗೆ ಹೆಚ್ಚು ತಾಗಿತು ಎಂದು ನನಗನ್ನಿಸುತ್ತದೆ.

ಇಬ್ಬರೂ ಸೇರಿ ನಮ್ಮ ಬೇಲಿಯ ಹತ್ತಿರ, ತಟ್ಟೆ ಇಡುತ್ತಿದ್ದ ಜಾಗದಲ್ಲೇ ಗುಂಡಿ ತೋಡಿದರು. ನಾನು ಹುಲ್ಲಿನಲ್ಲಿ ಬಿದ್ದಿದ್ದ ಮಂಕಿ ಟೋಪಿ ಹುಡುಕಿ ತಂದೆ. ಅಪ್ಪ ಅದನ್ನು ಕಯೋಟಿಯ ತಲೆಯ ಕೆಳಗೆ ಇಟ್ಟರು. ಮಣ್ಣು ಹಾಕುವ ಹೊತ್ತಿಗೆ ತಲೆ ಎತ್ತಿ ನೋಡಿದರೆ, ಬೇಲಿಯ ಮೇಲೆ ಸಾಲಾಗಿ ಕಾಗೆಗಳು ಬಂದು ಕೂತಿದ್ದವು. ಐದು ತಿಂಗಳು ಕರೆದರೂ ಬಾರದವು, ರಕ್ತದ ವಾಸನೆಗೆ ಕರೆಯದೆಯೇ ಬಂದಿದ್ದವು. ಅಪ್ಪ ಒಂದು ಹಿಡಿ ಮಣ್ಣುಹೆಂಟೆ ತೆಗೆದು ಅವುಗಳ ಮೇಲೆ ಎಸೆದರು. ಮತ್ತೆ ಎಸೆದರು. ಕೊನೆಯ ಕಾಗೆ ಹಾರಿಹೋಗುವ ತನಕ ಎಸೆಯುತ್ತಲೇ ಇದ್ದರು.

ಮುಂದಿನ ವಾರ ತಾತನ ಇನ್ನೊಂದು ಕುರಿಮರಿ ಹೋಯಿತು. ಮರಿ ಕದಿಯುತ್ತಿದ್ದದ್ದು ನಮ್ಮ ಕುಂಟಿಯಲ್ಲ.

ಅಪ್ಪ ಅಂದಿನಿಂದ ಚಪ್ಪಾಳೆ ತಟ್ಟಲಿಲ್ಲ. ನಾನು ಶಾಲೆಯ ನಾಟಕದಲ್ಲಿ ಪಾತ್ರ ಮಾಡಿದಾಗ ಎಲ್ಲರ ಅಪ್ಪಂದಿರೂ ಎದ್ದು ನಿಂತು ತಟ್ಟಿದರು, ನನ್ನ ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ನನ್ನ ಮದುವೆಯಲ್ಲೂ ಹಾಗೇ. ಆದರೆ ಬೇಲಿಯ ಹತ್ತಿರ ಯಾವ ಕಯೋಟಿ ಕಂಡರೂ ಅದೇ ಸ್ಟೀಲ್ ತಟ್ಟೆ, ಒಂದು ಸೌಟು ತೆಗೆದುಕೊಂಡು ಹೊರಗೆ ಓಡಿ ಢಣಢಣ ಬಡಿಯುತ್ತಿದ್ದರು. ಅದು ಬಾಲ ಮುದುರಿ ಕಾಡಿಗೆ ಓಡುತ್ತಿತ್ತು. ಅದು ಕಣ್ಮರೆಯಾದ ಮೇಲೂ ಅಪ್ಪ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು.

ಈಗ ಆ ಹುಲ್ಲುಗಾವಲಿನ ತುಂಬ ಮನೆಗಳು. ಕುರಿಯೂ ಇಲ್ಲ, ತಾತನೂ ಇಲ್ಲ, ಪೀಪಿಯ ಸದ್ದು ನೀವು ಕೇಳಿಲ್ಲ. ಕಾಡು ಕರಗಿದ್ದರಿಂದ ಕಯೋಟಿಗಳು ನಿಮ್ಮ ಸ್ಕೂಲ್ ಬಸ್ ನಿಲ್ಲುವ ರಸ್ತೆಯಲ್ಲೇ ಓಡಾಡುತ್ತವೆ, ನಿಮಗೆ ಅವು ಬೆಕ್ಕಿನಷ್ಟೇ ಸಲೀಸು. ಮೈಸೂರಿನಲ್ಲಿರುವ ನಿಮ್ಮ ಅತ್ತೆಯನ್ನು ಕರೆದರೆ ಮರುಕ್ಷಣ ಗೋಡೆಯ ಪರದೆಯ ಮೇಲೆ ಮುಖ ಕಾಣುತ್ತದೆ. ನಮ್ಮ ಕಾಲದಲ್ಲಿ ಕರೆಯುವುದೂ ಕಷ್ಟ, ಬರುವುದೂ ಕಷ್ಟವಾಗಿತ್ತು. ಕರೆದಾಗ ಯಾರಾದರೂ ನಂಬಿಕೊಂಡು ಬಂದುಬಿಟ್ಟರೆ ಏನಾಗುತ್ತದೆ ಎನ್ನುವುದು ನಿಮಗೆ ಗೊತ್ತಿರಲಿ ಎಂದು ಇಷ್ಟು ಹೇಳಿದೆ.

ನನ್ನ ಅಪ್ಪನ ತಿಥಿಯ ದಿನ ನಾನು ವಡೆ ಮಾಡುತ್ತೇನೆ, ನಾವು ಮನೆಯವರೇ ತಿನ್ನುತ್ತೇವೆ. ಹೊರಗೆ ಏನೂ ಇಡುವುದಿಲ್ಲ, ಏಕೆ ಎಂದು ನೀವು ಕೇಳುತ್ತಿದ್ದಿರಿ. ಹಿತ್ತಲ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿರುವ ಆ ತಗ್ಗುಬಿದ್ದ ತಟ್ಟೆ ಅಪ್ಪನದು, ಸೌಟೂ ಅಲ್ಲೇ ಇದೆ. ಇವತ್ತು ಸಂಜೆ ಆ ಕಯೋಟಿ ಮತ್ತೆ ಬರುತ್ತದೆ, ನಿನ್ನೆ ನೀವು ಕರೆದಿದ್ದೀರಲ್ಲ. ಚಪ್ಪಾಳೆ ಬೇಡ. ತಟ್ಟೆ ತೆಗೆದುಕೊಂಡು ಹೋಗಿ, ಕೈ ನೋಯುವ ತನಕ ಬಡಿಯಿರಿ. ಅದು ನಿಮ್ಮನ್ನು ಕಂಡು ಹೆದರಿ, ತಿರುಗಿ ನೋಡದೆ ಓಡಿಹೋಗಲಿ. ಆಮೇಲೆ ಒಳಗೆ ಬನ್ನಿ, ಚಪಾತಿ ಬಿಸಿ ಮಾಡಿಕೊಡುತ್ತೇನೆ.